ಭದ್ರಾ ಹಿನ್ನೀರಿನ ಬೋಟಲ್ಲಿ ಸಿಕ್ಕಿದ ಅಣ್ಣಂಗೆ ಥ್ಯಾಂಕ್ಸ್

ಹೆಸರು ಕೇಳೋಕೂ ಆಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಭಾನುವಾರ ಲಕ್ಕವಳ್ಳಿ ಬೋಟ್ ಸಫಾರೀಲಿ ಹಸಿರು ಟೋಪಿ ಹಾಕ್ಕೊಂಡು ಕೂತಿದ್ದ ಅಣ್ಣ, ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.

ಬೇಸಿಗೇಲಿ ನೀರು ಇಳಿದಾಗ ಮೇಲೆ ಬರೋ ನಡುಗಡ್ಡೆಗಳಲ್ಲಿ ಈ ರೀವ ಹಕ್ಕಿಗಳು, ಅದೇ ರಿವರ್ ಟರ್ನ್, ಮರಿ ಮಾಡ್ತವೆ, ಅವು ಹಾರೋ ಸ್ಪೀಡಿಗೆ ದೂರದ್ದನ್ನ ಹತ್ರ ತೋರ್ಸೋ 600 ಎಂಎಂ ಲೆನ್ಸಲ್ಲಿ ಫ್ರೇಮಿಗೆ ಸಿಗೋದೇ ಕಷ್ಟ, ಅದ್ರಲ್ಲಿ ಬೋಟ್ ಬೇರೆ ಅಲ್ಲಾಡ್ತಿರತ್ತೆ. ನೀವು ಪಕ್ಕಕ್ಕೆ ಬಂದು ಕೂತು, ತಮ್ಮಾ ಲೆನ್ಸನ್ನ ಕಂಬಿಗೆ ಆನಿಸ್ಬೇಡ ಇಂಜಿನ್ ನಡುಕ ಎಲ್ಲಾ ಕ್ಯಾಮೆರಾಗೆ ಬರತ್ತೆ, ಕೈಯಲ್ಲೇ ಹಿಡಿ, ಮೊಣಕೈ ಎದೆಗೆ ಒತ್ತಿಕೋ, ಶಟರ್ ಸ್ಪೀಡ್ ಸೆಕೆಂಡಿನ 1/2500 ಇಡು ಅಂದ್ರಿ. ಹಿಂದೆ ಕಪ್ಪು ನೀರು, ಮುಂದೆ ಬಿಳಿ ಹಕ್ಕಿ, ಬಿಳಿ ಸುಟ್ಟುಹೋಗತ್ತೆ, ಗರಿ ಕಾಣದೆ ಬರೀ ಬಿಳಿ ಆಗತ್ತೆ ಅಂತ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದ್ರೆ ಕ್ಯಾಮೆರಾಗೆ ಬೀಳೋ ಬೆಳಕನ್ನ ಅರ್ಧಕ್ಕೆ, ಇಳಿಸಿಕೊಟ್ರಿ. ಆಮೇಲೆ ಬಂದ ಫೋಟೋದಲ್ಲಿ ರೆಕ್ಕೆಯ ಒಂದೊಂದು ಗರಿ, ಹಳದಿ ಕೊಕ್ಕಿನ ತುದೀಲಿ ನೇತಾಡ್ತಿರೋ ನೀರಿನ ಹನಿ ಕೂಡ ಕಾಣ್ತಿದೆ!

ನನಗೆ ಇದಕ್ಕಿಂತ ದೊಡ್ಡದು ಇನ್ನೊಂದು. ಯಾರೋ ಇನ್ನೂ ಹತ್ರ ಹೋಗೋಣ ಅಂದಾಗ ನೀವು, ಬೇಡ ಕಣ್ರೀ, ಇವು ಕಡ್ಡಿ ಗೂಡು ಕಟ್ಟಲ್ಲ, ಬರೀ ನೆಲದ ಮೇಲೆ ಮೊಟ್ಟೆ ಇಡೋದು, ನಮಗೆ ಹೆದರಿ ಎದ್ದು ಹೋದ್ರೆ ಬಿಸಿಲಿಗೆ ಮೊಟ್ಟೆ ಕೆಟ್ಟೇ ಹೋಗತ್ತೆ ಅಂದ್ರಿ, ಅಷ್ಟೇ ಸಮಾಧಾನವಾಗಿ. ಡ್ರೈವರಣ್ಣನೂ ದೂರದಲ್ಲೇ ಇಂಜಿನ್ ಆಫ್ ಮಾಡಿದ್ರು, ಯಾರೂ ಎದುರು ಮಾತಾಡ್ಲಿಲ್ಲ.

ದಡ ಮುಟ್ಟಿದ ಗಲಾಟೇಲಿ ನೀವು ಹೊರಟೇಹೋದ್ರಿ. ಇದನ್ನ ಓದಿದ್ರೆ ಒಂದು ಮೆಸೇಜ್ ಹಾಕಿ ಅಣ್ಣ, ಆ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿದೀನಿ, ಚಿಕ್ಕಮಗಳೂರಿಗೆ ಬಂದಾಗ ನಿಮ್ಮ ಕೈಗೇ ಕೊಡ್ಬೇಕು.