ಕುದುರೆ ಮೈ ಮೇಲೆ ಕೈ ಇಡುವ ಮುಂಚೆ

ಪುಟ್ಟೀ,

ಕುದುರೆಗಳ ಮೈ ಬಿಗಿತ ಸಡಿಲಿಸುವ ಕೆಲಸ ಕಲೀತೀನಿ ಅಂತ ನೀನು ಹೇಳಿದ ದಿನದಿಂದ ನೆಂಟರೆಲ್ಲ ಕೇಳೋದು ಒಂದೇ, ಕೊಡಗಲ್ಲಿ ಕುದುರೆ ಎಲ್ಲಿದೆ ಅಂತ. ನಿಜ, ಸೋಮವಾರಪೇಟೆಯಲ್ಲಿ ಕೂತು ಇದು ಆಗಲ್ಲ. ಆದರೆ ಮೈಸೂರು, ಬೆಂಗಳೂರಲ್ಲಿ ರೇಸ್ ಕೋರ್ಸ್ ಇದೆ, ಸವಾರಿ ಶಾಲೆಗಳಿವೆ, ಪೊಲೀಸರ ಅಶ್ವದಳ ಇದೆ. ನೆಂಟರಿಗೆ ನಾನು ಉತ್ತರ ಕೊಡ್ತೀನಿ, ಆ ತಲೆನೋವು ನಿನಗೆ ಬೇಡ.

ನನಗೆ ಹೇಳಬೇಕಾಗಿರುವುದು ಬೇರೆ. ಕುದುರೆ ನೋವನ್ನು ಮುಚ್ಚಿಡುವ ಪ್ರಾಣಿ. ಬಯಲಲ್ಲಿ ಕುಂಟೋದು ಕಂಡರೆ ಹುಲಿಯೋ ತೋಳವೋ ಅದನ್ನೇ ಹಿಡಿಯುತ್ತಿತ್ತು, ಆ ಸ್ವಭಾವ ಲಾಯಕ್ಕೆ ಬಂದರೂ ಬಿಟ್ಟಿಲ್ಲ. ಹಾಗಾಗಿ ಸುಮ್ನೆ ನಿಂತಿದೆ ಅಂದರೆ ಆರಾಮಾಗಿದೆ ಅಂತ ಅರ್ಥ ಅಲ್ಲ.

ರಜದಲ್ಲಿ ನಿನ್ನ ಜೊತೆ ಲಾಯಕ್ಕೆ ಬಂದಾಗ ಆ ಕಂದು ಹೆಣ್ಣು ಕುದುರೆಯ ಕಿವಿ ಹಿಂದೆ ನೀನು ಬೆರಳು ಇಟ್ಟದ್ದನ್ನು ನೋಡ್ತಾ ನಿಂತಿದ್ದೆ. ಬೆರಳು ಸರಿದಂತೆ ಒಂದು ಕಡೆ ಅದು ರೆಪ್ಪೆ ಬಡಿಯಿತು, ನೀನು ಅಲ್ಲೇ ನಿಲ್ಲಿಸಿದೆ, ಒತ್ತಲಿಲ್ಲ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಳತುಟಿ ಜೋಲು ಬಿತ್ತು, ನಾಲಿಗೆ ಆಡಿಸಿತು, ತಲೆ ಇಳಿಸಿ ಹಲ್ಲೆಲ್ಲ ಕಾಣುವಷ್ಟು ದೊಡ್ಡದಾಗಿ ಆಕಳಿಸಿತು. ಕುದುರೆ ನೋಡಿಕೊಳ್ಳುವ ಹುಡುಗ ನಿದ್ದೆ ಬಂತು ಅಂದ. ಬಿಗಿತ ಬಿಟ್ಟ ಗುರುತು ಅದು ಅಂತ ನೀನು ಹೇಳಿದೆ. ಕುದುರೆ ಕೊಡುವ ಇಂಥ ಉತ್ತರವನ್ನೇ ಹಿಡಿದುಕೊಂಡು ಅಮೆರಿಕದ ಜಿಮ್ ಮಾಸ್ಟರ್‌ಸನ್ ಒಂದು ಪದ್ಧತಿ ಕಟ್ಟಿದ್ದಾರೆ. ಅಲ್ಲಿ ಒತ್ತಡದ ಅಳತೆಯೇ ಚೆನ್ನಾಗಿದೆ: ಮೊದಲು ಚರ್ಮ ತಾಗದಷ್ಟು, ಆಮೇಲೆ ಮೊಟ್ಟೆಯ ಹಳದಿ ಒಡೆಯದಷ್ಟು, ಆಮೇಲೆ ದ್ರಾಕ್ಷಿ, ನಿಂಬೆಹಣ್ಣು. ಒಂದು ನೊಣ ಕೂತರೆ ಚರ್ಮ ನಡುಗಿಸುವ ಪ್ರಾಣಿಗೆ ಜೋರಾಗಿ ತಿಕ್ಕುವುದು ಯಾಕೆ ಬೇಕು, ಅಲ್ವಾ?

ಕುದುರೆಗೆ ಕೊರಳೆಲುಬು, ಅಂದರೆ ಕಾಲರ್ ಬೋನ್, ಇಲ್ಲ ಅನ್ನೋದನ್ನು ಓದಿ ನನಗೆ ಆಶ್ಚರ್ಯ ಆಯ್ತು. ಮುಂಗಾಲು ಎರಡೂ ಮೈಗೆ ಅಂಟಿಕೊಂಡಿರುವುದು ಬರೀ ಸ್ನಾಯು ಮತ್ತು ನಾರುಗಳಿಂದ, ಮೈಭಾರದಲ್ಲಿ ಸುಮಾರು 60 ಪರ್ಸೆಂಟ್ ಬೀಳೋದೂ ಆ ಮುಂಗಾಲುಗಳ ಮೇಲೇ. ಇಷ್ಟು ಭಾರ ಹೊತ್ತ ಭುಜದ ಮೇಲೆ ಅಳತೆಗೆ ಸರಿಯಿಲ್ಲದ ಜೀನು ಕಟ್ಟಿದರೆ ನೀನು ಇವತ್ತು ಬಿಡಿಸಿದ್ದು ನಾಳೆ ಮತ್ತೆ ಬಿಗಿಯುತ್ತೆ. ಅದಕ್ಕೇ ಜೀನು, ಲಾಳ, ಹಲ್ಲು ಮೂರನ್ನೂ ನೋಡದೆ ಕೆಲಸ ಶುರು ಮಾಡಬೇಡ. ಮಾಲೀಕರಿಗೆ ಬೇಜಾರಾದರೂ ಹೇಳಿಬಿಡು.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲ್ಲ. ಬಿಗಿತ ಬೇರೆ, ಕಾಯಿಲೆ ಬೇರೆ. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು, ಕಾಲಲ್ಲಿ ನೆಲ ಕೆರೆಯುವುದು, ಮಲಗಿ ಹೊರಳುವುದು, ಮೇವು ಬಿಡುವುದು ಕಂಡರೆ ಹೊಟ್ಟೆ ಶೂಲೆ ಇರಬಹುದು, ಅದರಲ್ಲಿ ಜೀವ ಹೋಗುತ್ತೆ. ಕಾಲು ಬಿಸಿಯಾಗಿ ಊದಿದ್ದರೆ, ಇದ್ದಕ್ಕಿದ್ದಂತೆ ಕುಂಟಿದರೆ ಕೈ ತೆಗೆದು ಪಶುವೈದ್ಯರನ್ನು ಕರಿ. ಬೆಳೆದ ಕುದುರೆಯ ನಾಡಿ ಸುಮ್ಮನಿದ್ದಾಗ ನಿಮಿಷಕ್ಕೆ 28ರಿಂದ 44, ಅದನ್ನು ಎಣಿಸಲು ಈಗಿನಿಂದಲೇ ಅಭ್ಯಾಸ ಮಾಡು. ರೋಗ ಯಾವುದು ಅಂತ ಹೇಳುವುದು, ಔಷಧಿ ಕೊಡುವುದು ನಿನ್ನ ಕೆಲಸ ಅಲ್ಲ, ಯಾರು ಎಷ್ಟೇ ಬಲವಂತ ಮಾಡಲಿ.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಕುದುರೆ ನೋಡುವ ಡಾಕ್ಟರೊಬ್ಬರ ಜೊತೆ ಸ್ವಲ್ಪ ದಿನ ಓಡಾಡು, ಸಂಬಳ ಕೇಳಬೇಡ. ಕಾಫಿ ಮಾರಿದ ತಕ್ಷಣ ಫೀಸು ಹಾಕ್ತೀನಿ. ಸೇರುವ ಕಡೆ ಏನೇನು ಕಲಿಸ್ತಾರೆ ಅನ್ನೋ ಪಟ್ಟಿ ಕಳಿಸು, ಅಪ್ಪನೂ ಓದಬೇಕಂತೆ.

ಅಮ್ಮ