ಮಕ್ಕಳನ್ನು ಕೇಳುವ ಮುಂಚೆ: ಮಹಾಧರ್ಮಾಧ್ಯಕ್ಷರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಪೂಜ್ಯ ಮಹಾಧರ್ಮಾಧ್ಯಕ್ಷರಿಗೆ (ಆರ್ಚ್‌ಬಿಷಪ್) ವಂದನೆಗಳು.

ಪಾಸ್ಕ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ ಬಂತೆಂದರೆ ನಮ್ಮ ಚರ್ಚುಗಳಲ್ಲಿ ದೇವಕರೆಗಾಗಿ, ಅಂದರೆ ಮಕ್ಕಳು ಫಾದರ್, ಸಿಸ್ಟರ್ ಆಗಲು ಮುಂದೆ ಬರಲಿ ಎಂದು, ಪ್ರಾರ್ಥನೆ ಇರುತ್ತದೆ. 1964ರಲ್ಲಿ ಆರನೇ ಪೌಲರು ಪೋಪ್ ಆಗಿದ್ದಾಗ ಶುರುವಾದ ಪದ್ಧತಿ. ಅವತ್ತಿನ ಪ್ರಸಂಗ ನಮಗೆಲ್ಲ ಬಾಯಿಪಾಠ. ಬೆಳೆ ಬಹಳ, ಕೆಲಸಗಾರರು ಕಡಿಮೆ. ಅಪ್ಪ ಅಮ್ಮಂದಿರಿಗೆ ಮಗ ಇಂಜಿನಿಯರೇ ಆಗಬೇಕು. ಮನೆಯಲ್ಲಿ ಜಪಸರ ನಿಂತುಹೋಗಿದೆ. ಹುಡುಗರು ಮೊಬೈಲ್ ಬಿಟ್ಟು ತಲೆ ಎತ್ತುವುದಿಲ್ಲ.

ಇದರಲ್ಲಿ ಸುಳ್ಳೇನೂ ಇಲ್ಲ. ನಾನೂ ಇಬ್ಬರು ಗಂಡುಮಕ್ಕಳ ತಾಯಿ, ನನಗೂ ತಾಗುತ್ತದೆ. ಆದರೆ ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನು ಇಷ್ಟಕ್ಕೇ ನಿಲ್ಲುವುದಿಲ್ಲ ಅಲ್ವಾ? 1983ರ ಕಾನೂನು ಸಂಹಿತೆಯ 233ನೇ ವಿಧಿ ದೇವಕರೆ ಬೆಳೆಸುವ ಹೊಣೆಯನ್ನು ಇಡೀ ಸಮುದಾಯಕ್ಕೆ ಕೊಡುತ್ತದೆ. ಕುಟುಂಬ, ಶಿಕ್ಷಕರು, ಗುರುಗಳು (ಫಾದರ್‌ಗಳು), ಎಲ್ಲರ ಹೆಸರೂ ಅಲ್ಲಿದೆ. ಆಮೇಲೆ, ಇದು ಎಲ್ಲರಿಗಿಂತ ಜಾಸ್ತಿ ಧರ್ಮಾಧ್ಯಕ್ಷರ ಕೆಲಸ ಎಂದು ಹೇಳುತ್ತದೆ. 385ನೇ ವಿಧಿ ಅದನ್ನೇ ಮತ್ತೆ ನೆನಪಿಸುತ್ತದೆ. ನಮ್ಮ ಪಾಲಿನ ಮಾತು ವರ್ಷ ವರ್ಷವೂ ಕಿವಿಗೆ ಬೀಳುತ್ತದೆ. ನಿಮ್ಮ ಪಾಲಿನ ಈ ಸಾಲನ್ನು ಪೀಠದ ಬಳಿ ನಿಂತು ಯಾರೂ ಓದಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ಈ ಪತ್ರ.

ವ್ಯಾಟಿಕನ್ನಿನ ಅಂಕಿಅಂಶ ನಿಮಗೆ ಗೊತ್ತಿರುವಂಥದ್ದೇ. ಓದುಗರಿಗಾಗಿ ಹೇಳುತ್ತೇನೆ. ಫಾದರ್ ಆಗುವವರು ಓದುವ ಜಗತ್ತಿನ ಹಿರಿಯ ಗುರುಮಠಗಳಲ್ಲಿ (ಸೆಮಿನರಿ) 2022ರಲ್ಲಿ 1,08,481 ವಿದ್ಯಾರ್ಥಿಗಳಿದ್ದರು. 2023ರಲ್ಲಿ 1,06,495. ಒಂದು ದಶಕದಿಂದ ಈ ಸಂಖ್ಯೆ ಇಳಿಯುತ್ತಲೇ ಇದೆ. ಹಿಂದೆಲ್ಲ ಇದು ಯೂರೋಪಿನ ಕಾಯಿಲೆ, ನಮಗೇನು ಎನ್ನುತ್ತಿದ್ದೆವು. ಈಗ ಏಷ್ಯಾದಲ್ಲೂ ಇಳಿಯುತ್ತಿದೆ, ಏರುತ್ತಿರುವುದು ಆಫ್ರಿಕಾದಲ್ಲಿ ಮಾತ್ರ.

ಬೆಂಗಳೂರಿನಲ್ಲಿ ಕೂತವರಿಗೆ ಇದು ಕಣ್ಣಿಗೆ ಕಾಣುವುದಿಲ್ಲ. ಗುರುಮಠಗಳು ತುಂಬಿರುವ ಊರು ಇದು. ಮಲ್ಲೇಶ್ವರದಲ್ಲಿ 1934ರಲ್ಲಿ ಪುದುಚೇರಿಯಿಂದ ಬಂದ ಸಂತ ಪೇತ್ರರ ಗುರುಮಠ ಇದೆ. ಹೊಸೂರು ರಸ್ತೆ ಪಕ್ಕ ಧರ್ಮಾರಾಮ್ ಗುರುಮಠ ಇದೆ. ಒಂದೊಂದು ಬಡಾವಣೆಯಲ್ಲೂ ಯಾವುದೋ ಒಂದು ಸನ್ಯಾಸ ಸಭೆಯ ಮನೆ, ಕಾಂಪೌಂಡಿನೊಳಗೆ ವಾಲಿಬಾಲ್ ಆಡುವ, ಫಾದರ್ ಆಗಲು ಓದುತ್ತಿರುವ ಬ್ರದರ್‌ಗಳು. ಯಾವೂರಪ್ಪ ಎಂದು ಕೇಳಿ ನೋಡಿ. ಕೇರಳ, ಆಂಧ್ರ, ಒಡಿಶಾ, ಜಾರ್ಖಂಡ್, ನಾಗಾಲ್ಯಾಂಡ್ ಎನ್ನುವವರೇ ಜಾಸ್ತಿ. ಅವರು ಬಂದದ್ದು ನಮಗೆ ಸಂತೋಷವೇ. ಆದರೆ ನಮ್ಮ ಬೀದಿಯ ಹುಡುಗ ಯಾಕೆ ಅಲ್ಲಿಲ್ಲ?

ಭಕ್ತಿ ಕಮ್ಮಿಯಾಯಿತು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಸೆಪ್ಟೆಂಬರ್ 8ರಂದು ಮೇರಿ ಮಾತೆಯ ಹಬ್ಬಕ್ಕೆ ಶಿವಾಜಿನಗರದಲ್ಲಿ ಕಾಲಿಡಲು ಜಾಗ ಇರುತ್ತದಾ? ಗುರುವಾರ ವಿವೇಕನಗರದ ಬಾಲಯೇಸು ಚರ್ಚಿನ ಸಾಲು ನೋಡಿದ್ದೀರಲ್ಲ, ಅದರಲ್ಲಿ ಕಾಲೇಜು ಹುಡುಗರೇ ಎಷ್ಟಿರುತ್ತಾರೆ! ಮನೆಗೆ ಒಂದೋ ಎರಡೋ ಮಕ್ಕಳಾಗಿರುವುದು ನಿಜವಾದ ಕಾರಣ. ಅದನ್ನು ನೀವೂ ಬದಲಿಸಲಾರಿರಿ, ನಾವೂ ಬದಲಿಸಲಾರೆವು. ಆ ಮಾತು ಬಿಡೋಣ.

ಬದಲಿಸಲು ಆಗುವಂಥದ್ದು ಇನ್ನೊಂದಿದೆ. ನಮ್ಮ ಹುಡುಗರು ದಿನಾ ಏನು ನೋಡುತ್ತಾರೆ ಎನ್ನುವುದು.

ನನ್ನ ಚಿಕ್ಕ ಮಗ ಪೀಠಸೇವಕ, ಪೂಜೆಯಲ್ಲಿ ಫಾದರಿಗೆ ನೆರವಾಗುವ ಹುಡುಗ. ಅವನಿಗೆ ಫಾದರ್ ಎಂದರೆ ಪ್ರಾಣ. ದೊಡ್ಡವನಾದ ಮೇಲೆ ನೀನೂ ಫಾದರ್ ಆಗ್ತೀಯಾ ಎಂದು ಅಜ್ಜಿ ಕೇಳಿದರು. ಅವನ ಉತ್ತರ: "ಬೇಡಜ್ಜಿ, ಫಾದರ್ ಆದ್ರೆ ಸ್ಕೂಲ್ ನೋಡ್ಕೋಬೇಕು." ಮನೆಯವರೆಲ್ಲ ನಕ್ಕೆವು. ಆಮೇಲೆ ನಾನು ಸುಮ್ನೆ ಲೆಕ್ಕ ಹಾಕಿದೆ. ಅವನು ಹೇಳಿದ್ದರಲ್ಲಿ ತಪ್ಪೇನಿದೆ?

ಚರ್ಚಿನ ಆಫೀಸಿನ ಬಾಗಿಲಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು. ಆರು ಗಂಟೆಯ ಪೂಜೆ ಮುಗಿಸಿ ಫಾದರ್ ಕಾಫಿ ಕುಡಿಯುವಷ್ಟರಲ್ಲಿ ಕಟ್ಟಡದ ಮೇಸ್ತ್ರಿ ಬಂದಿರುತ್ತಾನೆ. ಅವನ ಹಿಂದೆ ಸ್ಕೂಲಿನ ಕ್ಲರ್ಕ್, ಕೈಯಲ್ಲಿ ಸಂಬಳದ ಚೆಕ್ಕುಗಳು. ಬಿಇಒ ಆಫೀಸಿಗೆ ಹೋಗಬೇಕಾದ ಫೈಲು ಮೇಜಿನ ಮೇಲೆ. ಎಲ್‌ಕೆಜಿ ಸೀಟಿಗಾಗಿ ರಾಜಕಾರಣಿಗಳ ಕಡೆಯವರ ಫೋನು. ಇಷ್ಟರ ನಡುವೆ ಆಸ್ಪತ್ರೆಯಲ್ಲಿ ಗಂಡನನ್ನು ಬಿಟ್ಟು ಬಂದ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂತಿರುತ್ತಾಳೆ, ಅವನಿಗೆ ಅಭ್ಯಂಗ (ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಡಿಸಬೇಕು ಎಂದು. ಫಾದರ್ ಹೋಗುತ್ತಾರೆ, ಹೋಗದೆ ಇರುವುದಿಲ್ಲ. ಆದರೆ ಮೇಸ್ತ್ರಿ, ಕ್ಲರ್ಕ್ ಎಲ್ಲ ಮುಗಿದ ಮೇಲೆ ಹೋಗುತ್ತಾರೆ. ಆ ಅವಸರ ಮುಖದಲ್ಲಿ ಕಾಣುತ್ತದೆ.

ಹುಡುಗರು ದಡ್ಡರಲ್ಲ. ಮ್ಯಾನೇಜರ್ ಆಗಲು ಮದುವೆ, ಮನೆ, ಮಕ್ಕಳು ಎಲ್ಲ ಯಾಕೆ ಬಿಡಬೇಕು? ಮಾನ್ಯತಾ ಟೆಕ್ ಪಾರ್ಕಿಗೆ ಹೋದರೆ ಅದೇ ಕೆಲಸಕ್ಕೆ ಸಂಬಳವೂ ಸಿಗುತ್ತದೆ, ಭಾನುವಾರ ರಜೆಯೂ ಸಿಗುತ್ತದೆ. ದೇವರಿಗಾಗಿ ಎಲ್ಲ ಬಿಟ್ಟ ಮನುಷ್ಯ ಹೇಗಿರುತ್ತಾನೆ ಎಂದು ಹತ್ತಿರದಿಂದ ನೋಡಿದರೆ ಮಾತ್ರ ಒಬ್ಬ ಹುಡುಗನಿಗೆ ಆಸೆ ಹುಟ್ಟುತ್ತದೆ. ಪಿಯುಸಿ ಮುಗಿಸಿ ಹೋದವನಿಗೆ ಗುರುದೀಕ್ಷೆ ಆಗುವುದಕ್ಕೆ ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ತಾಳಿಕೊಳ್ಳುವುದಕ್ಕೆ ಆ ಆಸೆ ಬೇಕೇ ಬೇಕು. ವೊಕೇಶನ್ ಕ್ಯಾಂಪಿನ ಪಾಂಪ್ಲೆಟ್ ಸಾಲದು.

ಯಾವ ಫಾದರನ್ನು ಎಲ್ಲಿ, ಯಾವ ಕೆಲಸಕ್ಕೆ ಹಾಕಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ. ವರ್ಗಾವಣೆ ಪತ್ರಕ್ಕೆ ಸಹಿ ಹಾಕುವವರು ನೀವು. ಧರ್ಮಕೇಂದ್ರದ (ಪ್ಯಾರಿಷ್) ಶಾಲೆಗಳ ಆಡಳಿತವನ್ನು ಗೃಹಸ್ಥರಿಗೆ, ಅಂದರೆ ನಮ್ಮಂಥ ಸಾಮಾನ್ಯ ವಿಶ್ವಾಸಿಗಳಿಗೆ, ವಹಿಸಿಕೊಡಿ. ನಮ್ಮಲ್ಲಿ ನಿವೃತ್ತ ಹೆಡ್‌ಮಾಸ್ಟರ್‌ಗಳು, ಆಡಿಟರ್‌ಗಳು, ಬ್ಯಾಂಕಿನವರು ಬೇಕಾದಷ್ಟು ಜನ ಇದ್ದಾರೆ. ದುಡ್ಡು ತಿಂದುಬಿಡುತ್ತಾರೆ ಎಂಬ ಭಯ ಇದ್ದರೆ ಲೆಕ್ಕಪತ್ರ ಬಿಗಿ ಮಾಡಿ. ಆ ಭಯಕ್ಕೆ ಒಬ್ಬ ಗುರುವಿನ ಇಡೀ ಜೀವನವನ್ನು ಕಾವಲು ಹಾಕಬೇಡಿ.

ಕಿರಿಯ ಗುರುಗಳ ಬಗ್ಗೆಯೂ ಒಂದು ಮಾತು. ಧರ್ಮಾಧ್ಯಕ್ಷರು ತಮ್ಮ ಗುರುಗಳನ್ನು ಮಕ್ಕಳಂತೆ, ಸ್ನೇಹಿತರಂತೆ ಕಾಣಬೇಕು, ಅವರ ಮಾತು ಕೇಳಲು ಸಿದ್ಧರಿರಬೇಕು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ನಾವು ಕಂಡಂತೆ ಒಬ್ಬ ಕಿರಿಯ ಫಾದರ್ ಧರ್ಮಾಧ್ಯಕ್ಷರನ್ನು ಹತ್ತಿರದಿಂದ ನೋಡುವುದು ಹಬ್ಬದ ಪೂಜೆಯಲ್ಲಿ, ಇಲ್ಲವೇ ದೂರು ಹೋದಾಗ. ರಾತ್ರಿ ಎಂಟರ ಮೇಲೆ ಗುರುನಿವಾಸದಲ್ಲಿ ಒಬ್ಬರೇ ಅನ್ನ ಬಿಸಿ ಮಾಡಿಕೊಂಡು ತಿನ್ನುವ ಫಾದರುಗಳಿದ್ದಾರೆ. ನಾವೂ ಕರೆಯಬಹುದು, ಕರೆಯುತ್ತೇವೆ. ಆದರೆ ನಿಮ್ಮ ಫೋನು ಬಂದರೆ ಅದರ ತೂಕವೇ ಬೇರೆ.

ಹಳ್ಳಿಗಳನ್ನು ಮರೆಯಬೇಡಿ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳು ಧರ್ಮಸಭೆಗೆ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕೊಟ್ಟಿವೆ. ಅಲ್ಲಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗ ಗುರುಮಠದಲ್ಲಿ ತತ್ವಶಾಸ್ತ್ರ, ದೇವಶಾಸ್ತ್ರ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕು. ಇಂಗ್ಲಿಷ್ ತೊಡರಿದವನಿಗೆ ಕರೆಯೇ ಇಲ್ಲ ಎಂದು ಮನೆಗೆ ಕಳಿಸಿದರೆ ಅದು ಯಾವ ನ್ಯಾಯ? ಊರಿನ ಅಜ್ಜಿಯ ಪಾಪನಿವೇದನೆ ಕೇಳುವುದು ಕನ್ನಡದಲ್ಲಿ ತಾನೇ. ಅಂಥ ಹುಡುಗರಿಗೆ ಭಾಷೆ ಕಲಿಸಲು ಒಂದು ವರ್ಷ ಜಾಸ್ತಿ ಕೊಟ್ಟರೆ ನಷ್ಟವೇನಿಲ್ಲ.

ಹಾಗಂತ ಸೀಟು ತುಂಬಿಸಬೇಕು ಎಂದು ಬಂದವರನ್ನೆಲ್ಲ ಒಳಗೆ ಬಿಡಿ ಎಂದಲ್ಲ. ಬೇರೆ ಗುರುಮಠದಿಂದ ಹೊರಹಾಕಿದವನನ್ನು ಸೇರಿಸಿಕೊಳ್ಳುವ ಮುಂಚೆ ಅಲ್ಲಿನ ಮುಖ್ಯಸ್ಥರಿಂದ ಕಾರಣ ಕೇಳಬೇಕೆಂದು 241ನೇ ವಿಧಿ ಕೇಳುವುದು ಸುಮ್ನೆ ಅಲ್ಲ. ಮಕ್ಕಳ ಮೇಲೆ ಕೈ ಹಾಕಿದ ಗುರುಗಳನ್ನು ಊರಿಂದೂರಿಗೆ ದಾಟಿಸಿ ಮುಚ್ಚಿಟ್ಟ ಧರ್ಮಾಧ್ಯಕ್ಷರ ಕತೆಗಳನ್ನು ಐರ್ಲೆಂಡ್, ಅಮೆರಿಕದಿಂದ ನಾವೂ ಓದಿದ್ದೇವೆ. ಮಗನನ್ನು ಕಿರಿಯ ಗುರುಮಠಕ್ಕೆ ಬಿಡುವ ತಾಯಿ ಈಗ ಊಟ ಹೇಗಿರುತ್ತದೆ ಎಂದಷ್ಟೇ ಕೇಳುವುದಿಲ್ಲ. ಇಲ್ಲಿ ಏನಾದರೂ ಆದರೆ ನಾನು ಯಾರ ಹತ್ತಿರ ಹೋಗಬೇಕು ಎಂದೂ ಕೇಳುತ್ತಾಳೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಪ್ರತಿ ಬಿಷಪ್ಪರ ಧರ್ಮಕ್ಷೇತ್ರದಲ್ಲೂ ದೂರು ಕೊಡುವ ವ್ಯವಸ್ಥೆ ಇರಬೇಕೆಂದು ಕಟ್ಟಪ್ಪಣೆ ಮಾಡಿದರು. ಆ ಫೋನ್ ನಂಬರ್ ಪ್ರತಿ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಇರಲಿ.

ಗುರುಗಳಿಗೆ ಮದುವೆಗೆ ಅವಕಾಶ ಕೊಡಬೇಕಾ ಎಂಬ ಚರ್ಚೆ ರೋಮಿನದು, ನಿಮ್ಮನ್ನು ಕೇಳಿ ಉಪಯೋಗವಿಲ್ಲ. ಆದರೆ ಮದುವೆಯಾದವರೂ ಕಾಯಂ ಡೀಕನ್ (ಗುರುದೀಕ್ಷೆಗಿಂತ ಒಂದು ಮೆಟ್ಟಿಲು ಕೆಳಗಿನ ದೀಕ್ಷೆ ಪಡೆದವರು) ಆಗಲು 1967ರಿಂದ ದಾರಿ ತೆರೆದಿದೆ. ಮುಂಬೈಯಲ್ಲಿ ಅಂಥವರು ಇದ್ದಾರೆ. ಜ್ಞಾನಸ್ನಾನ, ಮದುವೆ, ಮಣ್ಣು ಮಾಡುವ ವಿಧಿ ಅವರು ನಡೆಸಬಹುದು. ನಮ್ಮ ಧರ್ಮಕೇಂದ್ರದಲ್ಲಿ ಈ ಮಾತನ್ನು ಯಾರೂ ಎತ್ತಿದ್ದಿಲ್ಲ.

ಇನ್ನೊಂದು ವಿಷಯ, ಲೆಕ್ಕ. ವರ್ಷಕ್ಕೊಮ್ಮೆ ನಮಗೆ ಲೆಕ್ಕ ಒಪ್ಪಿಸಿ. ಮಹಾಧರ್ಮಕ್ಷೇತ್ರಕ್ಕಾಗಿ ಎಷ್ಟು ಹುಡುಗರು ಸೇರಿದರು, ಎಷ್ಟು ಜನ ಬಿಟ್ಟು ಬಂದರು, ಯಾಕೆ ಬಿಟ್ಟರು, ದೀಕ್ಷೆ ಪಡೆದ ಮೇಲೆ ಎಷ್ಟು ಜನ ಹೊರಟುಹೋದರು. ಹೆಸರು ಬೇಡ. ಕಾಣಿಕೆ ಲೆಕ್ಕವನ್ನು ಪೂಜೆ ಮುಗಿದ ಮೇಲೆ ರೂಪಾಯಿ ಸಮೇತ ಓದುತ್ತೀರಲ್ಲ, ಇದನ್ನೂ ಓದಿ. ಬಿಟ್ಟು ಬಂದ ಹುಡುಗರನ್ನು ಕರೆದು ಕೂರಿಸಿ ಮಾತಾಡಿಸಿದರೆ ಯಾವ ಸಮಿತಿಯೂ ಕೊಡದ ವರದಿ ಸಿಗುತ್ತದೆ. ಅವರಲ್ಲಿ ಎಷ್ಟೋ ಜನ ಈಗಲೂ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಸೋತು ಬಂದವರು ಎಂದು ನಾವೇ ಅವರನ್ನು ಅಲ್ಲಿ ಕೂರಿಸಿದ್ದೇವೆ.

ಕೊನೆಗೊಂದು ಕೋರಿಕೆ. ಯಾವುದಾದರೂ ಶನಿವಾರ ಸಂಜೆ ಪೀಠಸೇವಕ ಹುಡುಗರ ಅಭ್ಯಾಸದ ಹೊತ್ತಿಗೆ ಒಂದು ಧರ್ಮಕೇಂದ್ರಕ್ಕೆ ಹೋಗಿ ಕೂತುಕೊಳ್ಳಿ. ನಮ್ಮದೇ ಆಗಬೇಕೆಂದಿಲ್ಲ. ಅವರನ್ನು ಮಾತಾಡಿಸಿ, ಪ್ರಶ್ನೆ ಕೇಳಲು ಬಿಡಿ. ಬರುವ ಸುದ್ದಿಯನ್ನು ಮಾತ್ರ ಮೊದಲೇ ಹೇಳಬೇಡಿ. ಗೊತ್ತಾದರೆ ನಾವು ಶಾಲು, ಹಾರ, ಬ್ಯಾಂಡ್‌ಸೆಟ್ ಎಲ್ಲ ತರಿಸಿಬಿಡುತ್ತೇವೆ, ಹುಡುಗರು ಹಿಂದೆ ಉಳಿದುಬಿಡುತ್ತಾರೆ.

ಇಂತಿ,
ನಿಮ್ಮ ಮಹಾಧರ್ಮಕ್ಷೇತ್ರದ ಒಬ್ಬ ತಾಯಿ