ನೂರು ಕೋಟಿ ಕಾರ್ಡ್ ಇರ್ಲಿ, ನಮ್ಮನೆ ಕಾರ್ಡ್ ಕಥೆ ಕೇಳಿ

ಸಂಪಾದಕರಿಗೆ ನಮಸ್ಕಾರ,

ಬೇಸ್‌ಬಾಲ್ ಕಾರ್ಡೊಂದು (ಆಟಗಾರನ ಚಿತ್ರ ಇರೋ ಚಿಕ್ಕ ರಟ್ಟಿನ ಚೀಟಿ) ಹರಾಜಲ್ಲಿ ನೂರು ಕೋಟಿ ರೂಪಾಯಿಗೆ ಹೋಯ್ತು ಅಂತ ನಿಮ್ಮ ಪೇಪರಲ್ಲಿ ಬಂದಿದ್ದ ಬರಹನ ಫೋಟೋ ಹೊಡೆದು ಹಾಸನದಿಂದ ನನ್ನ ಭಾಮೈದ ವಾಟ್ಸಾಪಲ್ಲಿ ಕಳಿಸಿದ್ದ. ಅದರ ಹಿಂದೇನೇ ಫೋನು. "ಭಾವ, ನಿಮ್ ಮಗನ ರೂಮಲ್ಲಿ ಡಬ್ಬಗಟ್ಲೆ ಇತ್ತಲ್ಲ, ಒಂದೇ ಒಂದು ಮಾರ್ಬಿಡಿ, ರಿಂಗ್ ರೋಡಲ್ಲಿ ಒಳ್ಳೆ ಸೈಟ್ ನೋಡಿದೀನಿ" ಅಂತಾನೆ. ನಾವಿರೋದು ಅಮೆರಿಕದ ಸಿನ್ಸಿನಾಟಿಲಿ, ಮಗ ನಾಕು ವರ್ಷದಿಂದ ಆನ್‌ಲೈನಲ್ಲಿ ಕಾರ್ಡ್ ಟ್ರೇಡ್, ಅಂದ್ರೆ ಅದಲು ಬದಲು, ಮಾಡ್ತಾನೆ, ಪೋಸ್ಟ್ ಖರ್ಚು ನನ್ನದು, ಹಾಗಾಗಿ ಇದರ ಬಗ್ಗೆ ಎರಡು ಮಾತು ಹೇಳೋ ಹಕ್ಕು ನನಗಿದೆ ಅನ್ಕೊಂಡು ಬರೀತಿದೀನಿ.

ನಿಮ್ಮ ಲೆಕ್ಕ ಸರಿನೇ ಇದೆ. ಇಂಥ ಕಾರ್ಡ್ ಅಚ್ಚು ಹಾಕೋ ಟಾಪ್ಸ್ ಕಂಪನಿಯ 1952ರ ಕಾರ್ಡು, ಮಿಕಿ ಮ್ಯಾಂಟಲ್ ಅನ್ನೋ ಬೇಸ್‌ಬಾಲ್ ಆಟಗಾರನದ್ದು, 2022ರ ಆಗಸ್ಟಲ್ಲಿ 1.26 ಕೋಟಿ ಡಾಲರಿಗೆ ಹೋಗಿದ್ದು ನಿಜ. ಆದ್ರೆ ಅಷ್ಟು ಯಾಕೆ ಅನ್ನೋದನ್ನ ಬರೆದಿಲ್ಲ. ಆ ಕಾರ್ಡು ಬಂದಿದ್ದು ಆ ವರ್ಷದ ಕೊನೇ ಕಂತಲ್ಲಿ, ಅಷ್ಟೊತ್ತಿಗೆ ಬೇಸ್‌ಬಾಲ್ ಸೀಸನ್ ಮುಗೀತಾ ಬಂದು ಹುಡುಗರ ಗಮನ ಅಮೆರಿಕನ್ ಫುಟ್ಬಾಲ್ ಕಡೆ ತಿರುಗಿತ್ತು, ಮಾಲು ಹಂಗೇ ಉಳೀತು, ಗೋಡೌನಲ್ಲಿ ಜಾಗ ತಿಂತಾ ಇದೆ ಅಂತ 1960ರಲ್ಲಿ ಕಂಪನಿಯವರೇ ಪೆಟ್ಟಿಗೆಗಟ್ಲೆ ತಗೊಂಡೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದು ಬಂದ್ರು. ಸುರಿದವರಿಗೆ ಗೊತ್ತಿದ್ರೆ ಅವರೂ ಹಾರ್ಕೋತಿದ್ರು!

ನಮ್ಮನೇಲಿರೋದು ಇದಕ್ಕೆ ಪೂರಾ ಉಲ್ಟಾ. ಮಗ ಒಂದೊಂದೇ ಟ್ರೇಡ್ ಮಾಡಿ ಕೂಡಿಸ್ತಿರೋದು 1987ರ ಟಾಪ್ಸ್ ಸೆಟ್, ಸುತ್ತ ಮರದ ಹಲಗೆ ಥರ ಬಾರ್ಡರ್, ಪೂರ್ತಿ ಸೆಟ್ಟಿಗೆ 792 ಕಾರ್ಡು. ಹಳೇ ಕಾರ್ಡಿಗೆ ರೇಟ್ ಬಂದಿದ್ದು ನೋಡಿ ಆ ಕಾಲದಲ್ಲಿ ಎಲ್ಲರೂ ಕೊಂಡು ಜೋಪಾನ ಮಾಡಿದ್ರು, ಕಂಪನಿಗಳೂ ಪ್ರಿಂಟ್ ಮಾಡಿದ್ದೇ ಮಾಡಿದ್ದು. ಈಗ ಇಡೀ ಸೆಟ್ಟು ಇಪ್ಪತ್ತು ಮೂವತ್ತು ಡಾಲರಿಗೆ ಸಿಗತ್ತೆ. "ಮತ್ತೆ ಒಂದೇ ಸಲ ಕೊಂಡ್ಕೊಳೋ, ಒಂದೊಂದು ಕವರಿಗೂ ಮುಕ್ಕಾಲು ಡಾಲರ್ ಹತ್ರ ಸ್ಟ್ಯಾಂಪ್ ಯಾಕೆ" ಅಂತ ನಾನೂ ಬೈದಿದೀನಿ. "ಅಪ್ಪ, ಕೊಂಡ್ರೆ ಅದು ಇವತ್ತೇ ಮುಗಿದೋಗತ್ತಲ್ಲ" ಅಂದ. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಲೇಬಲ್ಲಿಗೆ ಬಸ್‌ಸ್ಟ್ಯಾಂಡ್ ಪೂರ್ತಿ ಅಲೀತಿದ್ದವನು ನಾನು, ಸುಮ್ಮನಾದೆ.

ಟ್ರೇಡ್ ನಡೆಯೋದು ಹಿಂಗೆ. ನನ್ನ ಹತ್ರ ಡಬಲ್ ಇರೋ ನಂಬರ್ ಇವು, ಬೇಕಾಗಿರೋದು ಇವು ಅಂತ ಲಿಸ್ಟ್ ಹಾಕ್ತಾರೆ. ಒಪ್ಪಿಗೆ ಆದ್ಮೇಲೆ ಯಾರು ಮೊದಲು ಕಳಿಸೋದು ಅನ್ನೋದೇ ದೊಡ್ಡ ವಿಷ್ಯ, ಹೊಸಬರು ಮೊದಲು ಕಳಿಸ್ಬೇಕು ಅನ್ನೋದು ವಾಡಿಕೆ. ಪ್ಯಾಕಿಂಗ್ ಅಂತೂ ನೋಡ್ಬೇಕು, ಕಾರ್ಡನ್ನ ತೆಳ್ಳಗಿನ ಪ್ಲಾಸ್ಟಿಕ್ ಕವರಿಗೆ ಹಾಕಿ, ಅದನ್ನ ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರಿಗೆ ಇಳಿಸಿ, ಬಾಯಿಗೆ ಪೇಂಟರ್ಸ್ ಉಪಯೋಗಿಸೋ ನೀಲಿ ಟೇಪ್ ಹಾಕ್ತಾನೆ, ಟೇಪಿನ ತುದಿ ಒಂಚೂರು ಮಡಚಿ ಬಿಡ್ತಾನೆ, ಬಿಚ್ಚೋರಿಗೆ ಉಗುರಿಗೆ ಸಿಗಲಿ ಅಂತ. ಸೆಲೋಟೇಪ್ ಹಾಕೋರನ್ನ ಕಂಡ್ರೆ ಇವನಿಗೆ ಆಗಲ್ಲ, ಅಂಟು ಬಿಟ್ಟು ಕಾರ್ಡ್ ಹಾಳಾಗತ್ತಂತೆ.

ಮೋಸ ಇಲ್ವಾ ಅಂದ್ರೆ ಇದೆ. ಹದಿನಾಕು ಕಾರ್ಡ್ ತರಿಸ್ಕೊಂಡು ನಾಪತ್ತೆ ಆದವನೊಬ್ಬ ಇದಾನೆ. ಇನ್ನೊಬ್ಬ "1952ರ ಮ್ಯಾಂಟಲ್ ಇದೆ, ನಿನ್ನ ಡಬ್ಬ ಪೂರ್ತಿ ಕೊಡು" ಅಂತ ಬಂದಿದ್ದ. ಟಾಪ್ಸ್‌ನವರೇ 1983ರಲ್ಲಿ ಆ ಸೆಟ್ಟನ್ನ ಮತ್ತೆ ಅಚ್ಚು ಹಾಕಿದ್ರು, ಅದು ಈಗಿನ ಕಾರ್ಡಿನ ಅಳತೆ, ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಎತ್ತರ, ಒರಿಜಿನಲ್ಲು ಅದಕ್ಕಿಂತ ಸ್ವಲ್ಪ ದೊಡ್ಡದು. ನಮ್ಮ ಹುಡುಗ "ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸಿ" ಅಂದ ಅಷ್ಟೇ, ಆ ಕಡೆ ಸದ್ದಿಲ್ಲ.

ಆದ್ರೆ ನನಗೆ ನೆನಪಲ್ಲಿ ಉಳಿದಿರೋದು ನಮ್ಮದೇ ತಪ್ಪು. ಪಿಟ್ಸ್‌ಬರ್ಗಿನ ವಯಸ್ಸಾದ ಒಬ್ಬರು ಬ್ಯಾರಿ ಲಾರ್ಕಿನ್‌ದು ಕೇಳಿದ್ರು, 648ನೇ ನಂಬರು, ಲಾರ್ಕಿನ್ ಅಂದ್ರೆ ಇದೇ ಊರಲ್ಲಿ ಹುಟ್ಟಿ ಇದೇ ಊರಿನ ರೆಡ್ಸ್ ಟೀಮಿಗೆ ಆಡಿದವನು. ಅದರ ಬದಲಿಗೆ ಅವರು ಬ್ಯಾರಿ ಬಾಂಡ್ಸ್ ಅನ್ನೋ ಇನ್ನೊಬ್ಬ ಆಟಗಾರನದ್ದು ಕೊಡ್ತೀನಂದ್ರು. ಮಗ "ಹೊಸದರ ಹಾಗಿದೆ" ಅಂತ ಬರೆದು ಮುಂದಿನ ಫೋಟೋ ಮಾತ್ರ ಕಳಿಸಿದ್ದ, ಹಿಂದೆ ತಿರುಗಿಸಿ ನೋಡಿರ್ಲಿಲ್ಲ. ಆಗಿನ ಪ್ಯಾಕೆಟ್ಟಲ್ಲಿ ಕಾರ್ಡಿನ ಜೊತೆ ಬಬಲ್‌ಗಮ್ ಇರ್ತಿತ್ತು, ಅದಕ್ಕೆ ತಾಗ್ಕೊಂಡಿದ್ದ ಕಾರ್ಡಿಗೆ ಕಲೆ ಹತ್ತತ್ತೆ, ಇದರ ಬೆನ್ನಲ್ಲೂ ಬೆರಳಗಲ ಕಂದು ಕಲೆ. ಅವರು ಜಗಳ ಏನೂ ಆಡ್ಲಿಲ್ಲ, "ಗಮ್ಮೂ ಕಳಿಸಿದೀಯ, ಥ್ಯಾಂಕ್ಸ್" ಅಂತ ಒಂದೇ ಸಾಲು ಬರೆದ್ರು. ಇವನ ಮುಖ ಕೆಂಪಗಾಯ್ತು. ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದು, ರಾತ್ರಿ ಹನ್ನೊಂದರ ತನಕ ಕೂತು ಕಲೆ ಇಲ್ಲದ ಇನ್ನೊಂದು ಲಾರ್ಕಿನ್ ಹುಡುಕಿ, ಮಾರನೇ ದಿನ ಸ್ಕೂಲಿಗೆ ಹೋಗೋ ಮುಂಚೆ ಪೋಸ್ಟ್ ಮಾಡಿದ. ಆವತ್ತಿಂದ ಯಾರಿಗೆ ಕಳಿಸಿದ್ರೂ ಎರಡೂ ಕಡೆ ಫೋಟೋ.

ಅದಕ್ಕೇ ನಿಮ್ಮಲ್ಲಿ ಒಂದು ವಿನಂತಿ, ಮುಂದಿನ ಸಲ ಇಂಥ ಹರಾಜಿನ ಸುದ್ದಿ ಹಾಕಿದಾಗ ಮಾಮೂಲಿ ಕಾರ್ಡಿಗೆ ನಾಣ್ಯದ ಬೆಲೆನೂ ಇಲ್ಲ ಅಂತ ಒಂದು ಸಾಲು ಸೇರಿಸಿ. ಇಲ್ದಿದ್ರೆ ಊರಿಂದ ಬರೋ ಫೋನಿಗೆ ಉತ್ತರ ಹೇಳಿ ಹೇಳಿ ನಮಗೆ ಸಾಕಾಗತ್ತೆ.

ಮೊನ್ನೆ ಪಿಟ್ಸ್‌ಬರ್ಗಿಂದ ಮತ್ತೆ ಕವರ್ ಬಂತು. ಮಾತಾಗಿದ್ದು ಮೂರು ಕಾರ್ಡು, ಒಳಗಿದ್ದಿದ್ದು ಒಂಬತ್ತು. ಮಿಕ್ಕ ಆರೂ ರೆಡ್ಸ್ ಆಟಗಾರರದ್ದು, ಸಂತೇಲಿ ಸೊಪ್ಪಿನ ಅಜ್ಜಿ ಹಾಕ್ತಿದ್ಲಲ್ಲ, ಹಂಗೆ ಕೊಸರು. ಸೆಟ್ಟಿಗೆ ಇನ್ನು ಹನ್ನೊಂದು ಬಾಕಿ. ನನ್ನ ಭಾಮೈದ ಸೈಟಿಗೆ ಬ್ಯಾಂಕ್ ಲೋನ್ ವಿಚಾರಿಸ್ಲಿ.

— ಹಾಸನದ ಕಡೆಯ ಒಬ್ಬ ಓದುಗ, ಸಿನ್ಸಿನಾಟಿ